ಎಲ್ಲ ಕೇಳಿಸಿತು ಅಂದರೆ ಹಿಪ್ನಾಸಿಸ್ ಆಗಲಿಲ್ಲ ಅಂತಲ್ಲ

ಹಿಪ್ನಾಸಿಸ್ (ಸಮ್ಮೋಹನ) ಚಿಕಿತ್ಸೆಗೆ ಹೋಗಿ ಬಂದು, ಅದು ಆಯಿತೋ ಇಲ್ಲವೋ ಅಂತ ಕೇಳಿದ್ದೀರಿ. ನಿದ್ದೆ ಬರುತ್ತದೆ ಅಂತ ಕಾದಿದ್ದೇ ಬಹುಶಃ ನಿಮ್ಮ ಗೊಂದಲಕ್ಕೆ ಕಾರಣ. ಹೊರಗಿನ ಆಟೋ ಹಾರ್ನ್ ಕೇಳಿಸಿತು, ಹಾಗಾಗಿ ದುಡ್ಡು ದಂಡ ಅಂದುಕೊಂಡಿದ್ದೀರಿ. ಹಿಪ್ನಾಸಿಸ್ ನಿದ್ದೆಯಲ್ಲ. ಹೆಸರು ಮಾತ್ರ ಗ್ರೀಕ್ ಭಾಷೆಯ ‘ನಿದ್ದೆ’ ಪದದಿಂದ ಬಂದದ್ದು. ಆ ಹೆಸರನ್ನು ಬಳಕೆಗೆ ತಂದ ಸ್ಕಾಟ್ಲೆಂಡಿನ ವೈದ್ಯ ಜೇಮ್ಸ್ ಬ್ರೇಡ್ ಕೂಡ 1847ರಲ್ಲಿ ಅದನ್ನು ಬದಲಿಸಲು ನೋಡಿದ್ದರು. ಮಂಡ್ಯದಿಂದ ಮೈಸೂರಿಗೆ ರೈಲಲ್ಲಿ ಬರುವಾಗ ಏನೋ ಯೋಚನೆಯಲ್ಲಿ ಶ್ರೀರಂಗಪಟ್ಟಣ ದಾಟಿದ್ದೇ ಗೊತ್ತಾಗುವುದಿಲ್ಲ ಅಲ್ವಾ, ಹೆಚ್ಚುಕಡಿಮೆ ಹಾಗೆ. ಕೆಲವರಿಗೆ ಕೈಕಾಲು ಕಲ್ಲಿನಂತೆ ಭಾರ. ಕೆಲವರಿಗೆ ತೇಲಿದ ಹಾಗೆ. ನನಗೆ ಬರೀ ರೆಪ್ಪೆ ಭಾರವಾಯಿತು, ಅರ್ಧ ಗಂಟೆ ಹತ್ತು ನಿಮಿಷದಂತೆ ಕಳೆಯಿತು. ಏನೂ ಅನ್ನಿಸದವರೂ ಇದ್ದಾರೆ, ಅದು ಅವರ ತಪ್ಪಲ್ಲ.

ಮುಂದಿನ ಸಲ ಮೊದಲು ಈ ಅನುಮಾನವನ್ನು ಹಿಪ್ನಾಸಿಸ್ ಮಾಡುವವರಿಗೇ ಹೇಳಿ. ಆಮೇಲೆ ‘ಆಯ್ತಾ, ಆಯ್ತಾ’ ಅಂತ ಒಳಗೊಳಗೇ ಪರೀಕ್ಷೆ ಮಾಡಬೇಡಿ. ಇದೇ ಜಾಸ್ತಿ ಅಡ್ಡ ಬರುವುದು. ಹಾರ್ನ್ ಕೇಳಿಸಿದರೆ ಕೇಳಿಸಲಿ, ಸುಮ್ನೆ ಅವರ ಮಾತಿನ ಜೊತೆ ಹೋಗಿ. ಮುಗಿದ ಮೇಲೆ, ಗಡಿಯಾರ ನೋಡುವ ಮೊದಲೇ, ಎಷ್ಟು ಹೊತ್ತಾಯಿತು ಅಂತ ಊಹಿಸಿ ಬರೆದಿಡಿ. ಊಹೆ ತುಂಬಾ ತಪ್ಪಿದ್ದರೆ ಹಿಪ್ನಾಸಿಸ್ ಆಗಿತ್ತು ಅನ್ನುವುದಕ್ಕೆ ಅದೊಂದು ಸುಳಿವು, ಪಕ್ಕಾ ಪುರಾವೆ ಅಲ್ಲ. ಯಾವ ತೊಂದರೆಗೆ ಹೋಗಿದ್ದಿರೋ ಅದು ಕಡಿಮೆಯಾಗುತ್ತಿದೆಯಾ ಅಂತ ನೋಡಿಕೊಂಡು, ಮುಂದುವರಿಸಬೇಕೋ ಬೇಡವೋ ತೀರ್ಮಾನಿಸಿ.