ಬಯಲುಸೀಮೆಯ ನೀರು, ಮಲೆನಾಡಿನ ಪುಡಿ

ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಓದುಗರು ಕಳಿಸಿದ ಕಾಫಿ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರ: ನಾವು ಈಗ ಶುದ್ಧ ನೀರಿನ ಘಟಕದ ಕ್ಯಾನ್ ನೀರು ತರುತ್ತೇವೆ. ಅದರಲ್ಲಿ ಇಳಿಸಿದ ಡಿಕಾಕ್ಷನ್ ತೆಳ್ಳಗೆ, ಹುಳಿಯಾಗಿ ಬರುತ್ತದೆ. ಬೋರ್‌ವೆಲ್ ನೀರನ್ನೇ ಚೆನ್ನಾಗಿ ಕುದಿಸಿ ಬಳಸಬಹುದೇ? – ಓದುಗರೊಬ್ಬರು, ಬಾಗೇಪಲ್ಲಿ

ಉ: ದಯವಿಟ್ಟು ಬೇಡ. ಬಾಗೇಪಲ್ಲಿ, ಪಾವಗಡದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ರುಚಿಯ ದೃಷ್ಟಿಯಿಂದಲೂ ಗಡಸು ನೀರು ಕಾಫಿಗೆ ಆಗಿಬರುವುದಿಲ್ಲ. ಅದರಲ್ಲಿನ ಬೈಕಾರ್ಬನೇಟ್ ಕಾಫಿಯ ಹುಳಿಯನ್ನೆಲ್ಲ ನುಂಗಿಬಿಡುತ್ತದೆ, ಹುಳಿಯ ಜೊತೆ ಚುರುಕೂ ಹೋಗಿ ಸಪ್ಪೆ ಡಿಕಾಕ್ಷನ್ ಉಳಿಯುತ್ತದೆ. ಘಟಕದ ಆರ್‌ಒ ನೀರಿನದು (ಸೂಕ್ಷ್ಮ ಪೊರೆಯಲ್ಲಿ ಲವಣ ಸೋಸಿ ತೆಗೆದದ್ದು) ತದ್ವಿರುದ್ಧ ಕಥೆ. ಹುಳಿಯನ್ನು ತಡೆಯುವಂಥದ್ದು ಅದರಲ್ಲಿ ಏನೂ ಉಳಿದಿರುವುದಿಲ್ಲ. ಕಾಫಿಗೆ ಹಿತವಾದ ನೀರಿನ ಟಿಡಿಎಸ್ (ಕರಗಿದ ಲವಣಾಂಶ) ಲೀಟರಿಗೆ 75ರಿಂದ 250 ಮಿ.ಗ್ರಾಂ, 150ರ ಆಸುಪಾಸು ಉತ್ತಮ. ಘಟಕದ ನೀರು ಎಷ್ಟೋ ಕಡೆ 50ನ್ನೂ ಮುಟ್ಟುವುದಿಲ್ಲ.

ಟಿಡಿಎಸ್ ಏರಿಸಲು ಮನೆಯ ಆರ್‌ಒ ಯಂತ್ರದ ತಿರುಪು ತಿರುಗಿಸಿದರೆ ಸೋಸದ ನೀರೇ ಬಂದು ಬೆರೆಯುತ್ತದೆ, ಫ್ಲೋರೈಡೂ ಹಿಂದೆಯೇ ಬರುತ್ತದೆ. ಅದರ ಬದಲು ಹೀಗೆ ಮಾಡಿ: ಒಂದು ಟೀ ಚಮಚ (5 ಗ್ರಾಂ) ಅಡುಗೆ ಸೋಡಾವನ್ನು ಅರ್ಧ ಲೀಟರ್ ಕ್ಯಾನ್ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿಡಿ. ಕಾಫಿಗೆಂದು ಎತ್ತಿಡುವ ಪ್ರತಿ ಲೀಟರಿಗೆ ಈ ದ್ರಾವಣ ಎರಡೇ ಚಮಚ (10 ಮಿ.ಲೀ.) ಸಾಕು. ಹುಳಿಯ ಮೊನೆ ಮುರಿಯುತ್ತದೆ. ಹೆಚ್ಚು ಹಾಕಿದರೆ ಮತ್ತೆ ಬೋರ್‌ವೆಲ್ ನೀರಿನ ಸಪ್ಪೆಯೇ. ತುಮಕೂರು ನಗರದಲ್ಲಿ ಹೇಮಾವತಿ ನೀರು ಬರುವ ಮನೆಯವರಿಗೆ ಈ ತಾಪತ್ರಯ ಬೇಕಿಲ್ಲ. ನಲ್ಲಿ ನೀರು ಸೋಸಿ ಕುದಿಸಿದರಾಯಿತು.

ಇನ್ನು ಕುದಿದ ನೀರನ್ನು ಆರಲು ಬಿಟ್ಟು ಹಾಕಿ ಎಂದು ಎಲ್ಲೆಡೆ ಬರೆದಿರುತ್ತಾರೆ. ಅದು ಸಮುದ್ರಮಟ್ಟದ ಊರುಗಳ ಲೆಕ್ಕ. ನಮ್ಮ ಮೂರೂ ಜಿಲ್ಲಾ ಕೇಂದ್ರಗಳು ಸುಮಾರು 800–900 ಮೀಟರ್ ಎತ್ತರದಲ್ಲಿವೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ತಣ್ಣಗಿನ ಸ್ಟೀಲ್ ಫಿಲ್ಟರ್ ಅದರಲ್ಲೂ ಒಂದಷ್ಟು ಕಾವು ಎಳೆದುಕೊಳ್ಳುತ್ತದೆ. ಹಾಗಾಗಿ ಕುದಿ ಬಂದೊಡನೆ ಸುರಿಯಿರಿ. ಅಳತೆ: 20 ಗ್ರಾಂ ಪುಡಿ, 150 ಮಿ.ಲೀ. ನೀರು. ಚರಟ ತನ್ನ ತೂಕದ ಎರಡರಷ್ಟು ನೀರು ಹೀರಿಕೊಳ್ಳುವುದರಿಂದ ಕೆಳಗೆ ಇಳಿಯುವುದು 110 ಮಿ.ಲೀ. ಮಾತ್ರ, ಮೂರು ಲೋಟಕ್ಕೆ ಸರಿಹೋಗುತ್ತದೆ. ಪುಡಿಯನ್ನು ಮಟ್ಟ ಮಾಡಿ, ಬಿಲ್ಲೆಯನ್ನು ಮೇಲೆ ಇಡಿ, ಅದುಮಬೇಡಿ. ಮೊದಲು ಪುಡಿ ನೆನೆಯುವಷ್ಟು ನೀರು, ಅರ್ಧ ನಿಮಿಷದ ನಂತರ ಉಳಿದದ್ದು. ಐದು ನಿಮಿಷಕ್ಕೇ ಇಳಿದರೆ ಪುಡಿ ತರಿಯಾಯಿತು. ಅರ್ಧ ಗಂಟೆ ಕಳೆದರೂ ಇಳಿಯದಿದ್ದರೆ ಪುಡಿ ತೀರಾ ನುಣ್ಣಗಾಗಿದೆ ಅಥವಾ ತೂತುಗಳು ಕಟ್ಟಿವೆ. ಗಡಸು ನೀರಿನ ಬಿಳಿ ಕರೆ ಕಟ್ಟಿದ್ದರೆ ಅರ್ಧ ಲೀಟರ್ ಬಿಸಿನೀರಿಗೆ ಒಂದು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿ ಫಿಲ್ಟರನ್ನು ಅರ್ಧ ಗಂಟೆ ಮುಳುಗಿಸಿಡಿ.

ಪ್ರ: ಚಿಕ್ಕಮಗಳೂರಿನಲ್ಲಿ ಬೆಳೆದ ಕಾಫಿಯ ಪುಡಿಯ ಬೆಲೆಗೂ ಬ್ರೆಜಿಲಿನ ಬರಕ್ಕೂ ಏನು ಸಂಬಂಧ? ಅಂಗಡಿಯವರು 80:20 (ಕಾಫಿ 80 ಭಾಗ, ಚಿಕೋರಿ 20) ಬಿಟ್ಟು 60:40 ಕೊಳ್ಳಿ, ಉಳಿತಾಯ ಎನ್ನುತ್ತಾರೆ. – ಓದುಗರೊಬ್ಬರು, ಚಿಂತಾಮಣಿ

ಉ: ಭಾರತದ ಕಾಫಿಯ ಬಹುಪಾಲು ರಫ್ತಾಗುತ್ತದೆ. 1996ರಲ್ಲಿ ಕಾಫಿ ಮಂಡಳಿಯ ಕಡ್ಡಾಯ ಖರೀದಿ ಮುಗಿದ ಮೇಲೆ ಬೆಳೆಗಾರರು ನೇರ ಮಾರುತ್ತಾರೆ, ನ್ಯೂಯಾರ್ಕಿನ ಅರೇಬಿಕಾ ದರ, ಲಂಡನ್ನಿನ ರೊಬಸ್ಟಾ ದರ ಅವರ ಅಂಗಳಕ್ಕೇ ಬರುತ್ತವೆ. ವಿಯೆಟ್ನಾಂ, ಬ್ರೆಜಿಲ್‌ಗಳಲ್ಲಿ ಮಳೆ ಕೈಕೊಟ್ಟು 2024ರ ಡಿಸೆಂಬರಿನಲ್ಲಿ ಅರೇಬಿಕಾ 1977ರ ದಾಖಲೆ ಮುರಿಯಿತು. 2025ರ ಫೆಬ್ರವರಿಯಲ್ಲಿ ಒಂದು ಪೌಂಡಿಗೆ 4 ಡಾಲರ್ ದಾಟಿತು.

60:40ರ ಲೆಕ್ಕ ಹಾಕಿ ನೋಡಿ. ಅದರ 20 ಗ್ರಾಂನಲ್ಲಿ ಕಾಫಿ 12 ಗ್ರಾಂ, ಚಿಕೋರಿ 8 ಗ್ರಾಂ. 80:20 ಪುಡಿಯ 15 ಗ್ರಾಂನಲ್ಲೂ ಕಾಫಿ 12 ಗ್ರಾಮೇ. ಹೆಚ್ಚುವರಿ ಚಿಕೋರಿಗೆ ದುಡ್ಡು ಕೊಡುವ ಬದಲು ಒಳ್ಳೆಯ ಪುಡಿಯನ್ನೇ 15 ಗ್ರಾಂ ಹಾಕಿ, ನೀರನ್ನು 115 ಮಿ.ಲೀ.ಗೆ ಇಳಿಸಿ. ಚಿಕೋರಿ ಬಣ್ಣ, ಕಹಿ, ಮಂದತನ ಕೊಡುತ್ತದೆ. ಕಾಫಿಯ ಪರಿಮಳ ಕೊಡಲಾರದು. ಅದು ನೀರಿನಲ್ಲಿ ಉಬ್ಬಿ ಅಂಟುವುದರಿಂದ 60:40 ಪುಡಿ ಫಿಲ್ಟರಿನಲ್ಲಿ ಸುಲಭವಾಗಿ ಇಳಿಯುವುದೂ ಇಲ್ಲ. ಪೊಟ್ಟಣದ ಮೇಲೆ ಚಿಕೋರಿಯ ಪ್ರಮಾಣ ನಮೂದಿಸುವುದು ಕಡ್ಡಾಯ, ಕಾಫಿ ಕನಿಷ್ಠ 51 ಭಾಗ ಇರಲೇಬೇಕು. ಬಿಡಿ ಪುಡಿ ಕೊಳ್ಳುವವರು ಕಣ್ಣೆದುರೇ ಬೆರೆಸಿಸಿಕೊಳ್ಳಿ.

ಪ್ರ: ಬೆಳಗಿನ ಕಾಫಿ ಹೃದಯಕ್ಕೆ ಒಳ್ಳೆಯದೆಂದು ಓದಿದೆ. ಕಾಫಿಯಿಂದ ಕೊಲೆಸ್ಟ್ರಾಲ್ ಏರುತ್ತದೆಂದೂ ಓದಿದೆ. ಯಾವುದು ನಿಜ? – ಓದುಗರೊಬ್ಬರು, ತಿಪಟೂರು

ಉ: ಎರಡಕ್ಕೂ ಆಧಾರವಿದೆ, ಆದರೆ ಬೇರೆ ಬೇರೆ ವಿಷಯ. ಮೊದಲನೆಯದು 2025ರ ಜನವರಿಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ. 40,725 ಜನರ ಮಾಹಿತಿಯಲ್ಲಿ, ಮುಖ್ಯವಾಗಿ ಬೆಳಿಗ್ಗೆ ಕಾಫಿ ಕುಡಿಯುವವರಲ್ಲಿ ಯಾವುದೇ ಕಾರಣದ ಸಾವಿನ ಪ್ರಮಾಣ ಕುಡಿಯದವರಿಗಿಂತ ಶೇ. 16ರಷ್ಟು ಕಡಿಮೆಯಿತ್ತು, ದಿನವಿಡೀ ಕುಡಿಯುವವರಲ್ಲಿ ಆ ಲಾಭ ಕಾಣಲಿಲ್ಲ. ಕಾಫಿಯೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ. ಕೊಲೆಸ್ಟ್ರಾಲ್ ಏರಿಸುವುದು ಬೀಜದ ಎಣ್ಣೆಯಲ್ಲಿರುವ ಕೆಫೆಸ್ಟಾಲ್. ಕಾಗದದ ಫಿಲ್ಟರ್ ಅದನ್ನು ಹಿಡಿದಿಡುತ್ತದೆ, ನಮ್ಮ ಸ್ಟೀಲ್ ಫಿಲ್ಟರಿನ ತೂತು ಹಿಡಿಯುವುದಿಲ್ಲ. ಪುಡಿಯ ಪದರವೇ ಸ್ವಲ್ಪ ತಡೆಯುತ್ತದೆ. ಪುಡಿಯನ್ನು ಪಾತ್ರೆಯಲ್ಲಿ ಕುದಿಸಿ ಸೋಸದೆ ಕುಡಿಯುವ ರೂಢಿ ಇದ್ದರೆ ಬಿಡಿ. ಕೊಲೆಸ್ಟ್ರಾಲ್ ಹೆಚ್ಚಿರುವವರು ಇಳಿದ ಡಿಕಾಕ್ಷನ್ನನ್ನು ಕಾಗದದ ಫಿಲ್ಟರಿನಲ್ಲಿ ಮತ್ತೊಮ್ಮೆ ಸೋಸಿಕೊಳ್ಳಿ.

ನಮ್ಮ ಊಟಕ್ಕೆ ಹೆಚ್ಚು ಹತ್ತಿರವಾದ ಮಾತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2024ರ ಮಾರ್ಗಸೂಚಿಯಲ್ಲಿದೆ: ದಿನಕ್ಕೆ ಕೆಫೀನ್ 300 ಮಿ.ಗ್ರಾಂ ಮೀರಬಾರದು, ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ನಂತರ ಕಾಫಿ ಬೇಡ. ರಾಗಿ, ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದನ್ನು ಕಾಫಿ ತಡೆಯುತ್ತದೆ. ಮುದ್ದೆ-ಬಸ್ಸಾರು ಉಂಡೊಡನೆ ಕಾಫಿ ಹೀರುವ ಹೆಣ್ಣುಮಕ್ಕಳು, ರಕ್ತಹೀನತೆ ಇರುವವರು ಇದನ್ನು ಪಾಲಿಸಲೇಬೇಕು.

ಪ್ರ: ಪೀಬೆರಿಗೆ ಹೆಚ್ಚು ಬೆಲೆ ಕೊಡಬಹುದೇ? – ಓದುಗರೊಬ್ಬರು, ಮಾಲೂರು

ಉ: ಪೀಬೆರಿ ಬೇರೆ ತಳಿಯಲ್ಲ. ಹಣ್ಣಿನಲ್ಲಿ ಎರಡರ ಬದಲು ಒಂದೇ ಬೀಜ ಕಟ್ಟಿದಾಗ ಅದು ದುಂಡಗಾಗುತ್ತದೆ, ಉರುಳುತ್ತ ಸಮನಾಗಿ ಹುರಿಯುತ್ತದೆ. ಅಷ್ಟೇ ಲಾಭ. ತಿಂಗಳ ಹಿಂದೆ ಹುರಿದ ಪೀಬೆರಿಗಿಂತ ಈ ವಾರ ಹುರಿದ ಪ್ಲಾಂಟೇಷನ್ ಎ (ಅರೇಬಿಕಾ ಬೀಜದ ಒಂದು ದರ್ಜೆ) ಮೇಲು. ಹುರಿದ ದಿನ ಕೇಳಿ, ಒಂದು ಸಲಕ್ಕೆ 200 ಗ್ರಾಂ ಮಾತ್ರ ಪುಡಿ ಮಾಡಿಸಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು ಹದಿನೈದು ದಿನದೊಳಗೆ ಮುಗಿಸಿ.