ಕೆಲಸ ಬಿಡೋ ಟೈಮ್ ಬಂತು ಅಂತ ನಂಗೆ ಗೊತ್ತಾಗಿದ್ದು ಹೆಂಗೆ

ನಾಲ್ಕು ವರ್ಷದಿಂದ ಒಂದೇ ಕಡೆ ಇದೀನಿ, ಸಂಬಳ ಟೈಮಿಗೆ ಬರುತ್ತೆ, ಬಾಸೂ ಕೆಟ್ಟೋರಲ್ಲ, ಆದ್ರೂ ಬಿಟ್ಬಿಡೋಣ ಅನ್ಸುತ್ತೆ, ಟೈಮ್ ಬಂದಿದೆ ಅಂತ ಹೆಂಗೆ ತಿಳ್ಕೊಳೋದು ಅಂತ ಕೇಳಿದೀರ. ಹೆಚ್ಚೂಕಮ್ಮಿ ನಂದೂ ಇದೇ ಕತೆ ಕಣ್ರಿ, ಅದಕ್ಕೇ ಬರೀತಿದೀನಿ.

ನಮ್ದು ತುಮಕೂರು. ಡಿಪ್ಲೊಮಾ ಮುಗಿಸಿ ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪ್ನೀಲಿ ಕ್ವಾಲಿಟಿ ಚೆಕಿಂಗಿಗೆ ಸೇರ್ಕೊಂಡೆ, ಹೆಸರು ಬೇಡ. ಸಿಎನ್‌ಸಿ, ಅಂದ್ರೆ ಕಂಪ್ಯೂಟರ್ ನಡೆಸೋ ಮಷೀನಿಂದ ಬರೋ ಬುಷ್‌ಗಳನ್ನ (ನಡುವೆ ತೂತಿರೋ ಬಳೆ ಥರದ ಪಾರ್ಟು) ಚೆಕ್ ಮಾಡಿ ಕಳ್ಸೋದು ನನ್ನ ಕೆಲಸ. 25 ಎಂಎಂ ಬೋರು, ಅಂದ್ರೆ ಆ ತೂತು, ಎಚ್7 ಟಾಲರೆನ್ಸು, ಅಂದ್ರೆ ಅಳತೆ 25.000ದಿಂದ 25.021 ಒಳಗೇ ಇರ್ಬೇಕು, ಆ ವ್ಯತ್ಯಾಸ ತಲೆಕೂದಲಿನ ದಪ್ಪದಲ್ಲಿ ಕಾಲುಭಾಗ ಅನ್ಕೊಳಿ. ಚೆಕ್ ಮಾಡೋ ಗೇಜಿಗೆ ಎರಡು ತುದಿ, ಗೋ ಕಡೆ ತೂತೊಳಗೆ ಹೋಗ್ಬೇಕು, ನೋ-ಗೋ ಕಡೆ ಹೋಗ್ಬಾರ್ದು. ಗೋ ಹೋಗ್ಲಿಲ್ಲ ಅಂದ್ರೆ ಇನ್ನೊಂದ್ಸಲ ಮಷೀನಿಗೆ ಹಾಕಿ ಸರಿ ಮಾಡ್ಬೋದು, ನೋ-ಗೋ ಒಳಗೆ ಹೋಯ್ತು ಅಂದ್ರೆ ತೂತು ದೊಡ್ಡದಾಗೋಗಿದೆ, ಸ್ಕ್ರಾಪೇ ಗತಿ, ಜಗಳ ಶುರುವಾಗೋದೇ ಅಲ್ಲಿ.

ಮೊದಲೆರಡು ವರ್ಷ ಏನ್ ಜಗಳ ಆಡಿದೀನಿ ಅಂತೀರ. ಲಾರಿ ಗೇಟಲ್ಲಿ ನಿಂತಿರೋದು, ಪ್ರೊಡಕ್ಷನ್ ಸೂಪರ್‌ವೈಸರ್ ಬಂದು ಕೂಗಾಡೋರು, ನಾನು ಸೈನ್ ಹಾಕಲ್ಲ ಅಂದ್ರೆ ಹಾಕಲ್ಲ. ಮಾರನೇ ದಿನ ಇಬ್ರೂ ಒಟ್ಟಿಗೇ ಟೀ ಕುಡೀತಿದ್ವಿ, ಅದು ಬೇರೆ ಮಾತು. ಆಮೇಲಾಮೇಲೆ ಏನಾಯ್ತು ಅಂದ್ರೆ, ನಾನು ನಿಲ್ಸಿದ ಲಾಟೆಲ್ಲಾ ಬೆಳಗ್ಗೆ ಹೊತ್ತಿಗೆ ಡೀವಿಯೇಶನ್ ಅಂತ, ಅಂದ್ರೆ ಅಳತೆ ತಪ್ಪಿದ್ರೂ ಪರವಾಗಿಲ್ಲ ಕಳ್ಸಿ ಅಂತ, ಮೇಲಿಂದ ಸೈನ್ ಆಗಿ ಹೊರಟೋಗಿರೋದು. ಒಂದ್ಸಲ ಎರಡ್ಸಲ ಆದ್ರೆ ಸರಿ, ಎಲ್ಲಾ ಕಡೆ ಇರುತ್ತೆ, ಕೆಲವು ಸಲ ನಿಜವಾಗ್ಲೂ ತೊಂದ್ರೆನೂ ಇರಲ್ಲ, ಆದ್ರೆ ಇದು ದಿನದ ಕತೆ ಆಗೋಯ್ತು. ಮ್ಯಾನೇಜರ್ ಹತ್ರ ಹೋಗಿ ಕೇಳ್ದೆ. "ನಿಂಗ್ಯಾಕಪ್ಪಾ ಟೆನ್ಶನ್ನು, ಸಂಬಳ ಬರ್ತಿದೆ ತಾನೆ" ಅಂದ್ರು. ಪ್ರೀತಿಯಿಂದಾನೇ ಅಂದ್ರು.

ಆಮೇಲೊಂದಿನ ಸೆಕೆಂಡ್ ಶಿಫ್ಟು, ರಾತ್ರಿ ಒಂಬತ್ತೂ ಚಿಲ್ರೆ, ರಿಪೋರ್ಟ್ ತುಂಬ್ತಾ ಕೂತಿದ್ದೆ. 25.010, 25.012, 25.009 ಅಂತ ಬರ್ಕೊಂಡು ಹೋಗ್ತಿದೀನಿ, ಬರೆದು ಮುಗಿಸಿ ಕಡೇಗೆ ನೋಡಿದ್ರೆ ತೂತು ಅಳೆಯೋ ಬೋರ್ ಗೇಜು ಡಬ್ಬೀಲೇ ಇದೆ, ಮುಚ್ಚಳನೂ ತೆಗ್ದಿಲ್ಲ. ಒಂದು ಪೀಸೂ ಅಳ್ದಿಲ್ಲ ನಾನು! ಯಾವ ನಂಬರ್ ಬರೆದ್ರೆ ಯಾರೂ ಕೇಳಲ್ಲ ಅಂತ ಕೈಗೇ ರೂಢಿ ಆಗೋಗಿತ್ತು. ತಕ್ಷಣ ಎದ್ದು ಅಳ್ದೆ ಅಂತ ಹೇಳಿದ್ರೆ ಸುಳ್ಳಾಗುತ್ತೆ, ಸೈನ್ ಹಾಕಿ ಹಂಗೇ ಕಳ್ಸ್‌ಬಿಟ್ಟೆ. ಕಂಪ್ಲೇಂಟೂ ಬರ್ಲಿಲ್ಲ. ಕಂಪ್ನಿ ಬಸ್ಸಲ್ಲಿ ಶಿರಾ ಗೇಟಿಗೆ ಬಂದು ಇಳಿಯೋವರೆಗೂ ಅದೇ ಯೋಚ್ನೆ, ಇನ್ನೊಂದು ವರ್ಷ ಇಲ್ಲೇ ಇದ್ರೆ ನಂಗೆ ಈ ಕೆಲಸ ಬರುತ್ತೆ ಅಂತ ಯಾವ ಬಾಯಲ್ಲಿ ಹೇಳ್ಕೊಳ್ಳಿ ಅಂತ.

ಅದಕ್ಕೇ ನಿಮಗೂ ಹೇಳೋದು, ಬಾಸ್ ಬೈದಾಗ, ಇನ್ಕ್ರಿಮೆಂಟ್ ಕಮ್ಮಿ ಬಂದಾಗ ಬರೋ ಸಿಟ್ಟು ಲೆಕ್ಕಕ್ಕಿಲ್ಲ, ಆಯುಧಪೂಜೆ ಹೊತ್ತಿಗೆ ಬೋನಸ್ ಬಂದ್ರೆ ಇಳಿದೋಗುತ್ತೆ. ಮುಂಚೆ ಯಾವ ವಿಷಯಕ್ಕೆ ಜಗಳ ಆಡ್ತಿದ್ರೋ ಅದೇ ವಿಷಯ ಈಗ ಕಣ್ಮುಂದೆ ನಡೆದ್ರೂ ಸುಮ್ನೆ ಇರ್ತೀರಾ, ಅದನ್ನ ನೋಡ್ಕೊಳಿ.

ಮನೇಲಿ ಹೇಳೋದು ದೊಡ್ಡ ತಲೆನೋವು. ನಮ್ಮ ದೊಡ್ಡಪ್ಪ ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟ್ರೀಲಿ ಇದ್ದೋರು, ಒಂದೇ ಕೆಲಸದಲ್ಲಿ ಮನೆ ಕಟ್ಟಿ ಮದುವೆಗಳನ್ನ ಮಾಡಿ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡು ಬಂದ ಕಾಲದೋರು. ಬೈತಾರೆ ಅನ್ಕೊಂಡು ಹೋದ್ರೆ, ಪೂರ್ತಿ ಕೇಳ್ಸ್ಕೊಂಡು ಒಂದೇ ಪ್ರಶ್ನೆ: "ಗ್ರಾಚ್ಯುಟಿ ಆಗಿದ್ಯೇನೋ?" ಆಗಿರ್ಲಿಲ್ಲ. ನಾಲ್ಕು ವರ್ಷ ಏಳು ತಿಂಗಳಾಗಿತ್ತು, ಗ್ರಾಚ್ಯುಟಿ ಅಂದ್ರೆ ಕೆಲಸ ಬಿಡುವಾಗ ಕಂಪ್ನಿ ಕೊಡೋ ಇಡುಗಂಟು, ಪರ್ಮನೆಂಟ್ ಆಗಿರೋರಿಗೆ ಅದು ಸಿಗೋದು 5 ವರ್ಷಕ್ಕೆ. ಆಗಿನ ಲೆಕ್ಕ ಸುಲಭ, ಕೊನೇ ಬೇಸಿಕ್ ಪ್ಲಸ್ ಡಿಎನ 26ರಿಂದ ಭಾಗಿಸಿ 15ರಿಂದ ಗುಣಿಸಿ, ಅದನ್ನ ಎಷ್ಟು ವರ್ಷನೋ ಅಷ್ಟರಿಂದ ಗುಣಿಸೋದು. ನಂದು 14,000 ಇತ್ತು, 5 ವರ್ಷಕ್ಕೆ 40,384 ರೂಪಾಯಿ. ಅಷ್ಟನ್ನ ಯಾಕೆ ಬಿಟ್ಟು ಬರ್ತೀಯ ಅಂತ ಐದು ತಿಂಗಳು ಕಾಯ್ಸಿದ್ರು, ಆ ಟೈಮಲ್ಲೇ ಇಂಟರ್‌ವ್ಯೂ ಕೊಟ್ಕೊಂಡೆ. ನಿಮ್ದೂ ನಾಲ್ಕಾಗಿದೆ ಅಂತೀರ, ಮೊದ್ಲು ಅಪಾಯಿಂಟ್‌ಮೆಂಟ್ ಲೆಟರ್ ತೆಗ್ದು ಜಾಯಿನ್ ಆದ ಡೇಟ್ ನೋಡಿ. ಪಿಎಫ್ ಮಾತ್ರ ಬಿಡಿಸ್ಕೋಬೇಡಿ, ಅದೇ ಯುಎಎನ್‌ಗೆ (ನಿಮ್ಮ ಪಿಎಫ್ ನಂಬರ್, ಕಂಪ್ನಿ ಬದಲಾದ್ರೂ ಅದೇ ಇರುತ್ತೆ) ಟ್ರಾನ್ಸ್‌ಫರ್ ಮಾಡ್ಸಿ, ಪೆನ್ಶನ್‌ಗೆ 10 ವರ್ಷ ಸರ್ವೀಸ್ ಬೇಕು, ಮಧ್ಯದಲ್ಲಿ ಪೆನ್ಶನ್ ದುಡ್ಡೂ ತೆಗೆದ್ರೆ ಆ ಲೆಕ್ಕ ಮತ್ತೆ ಸೊನ್ನೆಯಿಂದ. ರಿಲೀವಿಂಗ್ ಲೆಟರ್ ಕೈಗೆ ತಗೊಂಡೇ ಹೊರಗೆ ಬನ್ನಿ.

ಈಗಿನ ಕೆಲಸ ಏನ್ ಸ್ವರ್ಗ ಅಲ್ಲ. ದಿನಾ ಟ್ರೇನಲ್ಲಿ ಯಶವಂತಪುರ, ಅಲ್ಲಿಂದ ಮೆಟ್ರೋ ಹತ್ತಿ ಪೀಣ್ಯ, ಬರೋಷ್ಟರಲ್ಲಿ ಸಾಕಾಗೋಗುತ್ತೆ. ಸೇರಿದ ಮೊದಲ್ನೇ ತಿಂಗಳೇ 12 ಪೀಸ್ ವಿಚಾರಕ್ಕೆ ಅಲ್ಲಿನ ಸೂಪರ್‌ವೈಸರ್ ಜೊತೆ ಕಿತ್ತಾಡ್ಕೊಂಡೆ. ರಾತ್ರಿ ಊಟಕ್ಕೆ ಕೂತು ಅದನ್ನೇ ಹೇಳ್ತಿದ್ರೆ ನಮ್ಮನೆಯವಳು ಮುದ್ದೆ ಬಡಿಸ್ತಾ, "ಮತ್ತೆ ಶುರುವಾಯ್ತಾ ನಿಮ್ದು" ಅಂದ್ಲು.