ಚಿತ್ರದುರ್ಗದಲ್ಲಿರುವವರು ಮನಸ್ಸಿಗೆ ಹಿಡಿಸಿದ ಕಾರು ಕೊಳ್ಳಬೇಕೋ, ಕೆಡದೆ ಬಾಳಿಕೆ ಬರುವ ಕಾರನ್ನೋ?
ಮನೆಗೆ ಇರುವುದು ಒಂದೇ ಕಾರಾದರೆ, ಬಾಳಿಕೆಗೆ ಹೆಸರಾದ ಎರಡು ಮೂರು ಮಾದರಿಗಳನ್ನು ಮೊದಲು ಆರಿಸಿಕೊಂಡು, ಅವುಗಳಲ್ಲಿ ಮನಸ್ಸಿಗೆ ಹಿಡಿಸಿದ್ದನ್ನು ಕೊಳ್ಳುವುದು ಸೂಕ್ತ. ಬಣ್ಣ, ಸನ್‌ರೂಫ್, ಎಂಜಿನ್ನಿನ ಎಳೆತ ಇವೆಲ್ಲ ಅರ್ಧ ಗಂಟೆಯ ಟೆಸ್ಟ್ ಡ್ರೈವ್‌ನಲ್ಲೇ ಅನುಭವಕ್ಕೆ ಬರುತ್ತವೆ. ಕ್ಲಚ್, ಸಸ್ಪೆನ್ಷನ್, ಗೇರ್‌ಬಾಕ್ಸ್‌ಗಳ ಬಾಳಿಕೆಯಾದರೋ ಕೆಲವು ವರ್ಷ ಓಡಿಸಿದ ಮೇಲಷ್ಟೇ ತಿಳಿಯುವುದರಿಂದ, ಕೊಳ್ಳುವ ಗಳಿಗೆಯಲ್ಲಿ ಮನಸ್ಸು ಕಣ್ಣಿಗೆ ಕಂಡದ್ದಕ್ಕೇ ಹೆಚ್ಚು ತೂಕ ಕೊಡುತ್ತದೆ. ಚಿತ್ರದುರ್ಗದಂಥ ಊರಿನಲ್ಲಿ ಇನ್ನೊಂದು ಲೆಕ್ಕವೂ ಇದೆ. ಹೆಚ್ಚು ಮಾರಾಟವಾಗುವ ಕಾರಿನ ಬ್ರೇಕ್ ಪ್ಯಾಡ್ ಊರಿನ ಅಂಗಡಿಯಲ್ಲೇ ಸಿಕ್ಕೀತು. ಅಪರೂಪದ ಕಾರಿನ ಒಂದು ಸೆನ್ಸರ್ ಸುಮಾರು 200 ಕಿ.ಮೀ. ದೂರದ ಬೆಂಗಳೂರಿನಿಂದ ಬರುವವರೆಗೆ ಗಾಡಿ ಗ್ಯಾರೇಜಿನಲ್ಲೇ ನಿಲ್ಲಬಹುದು. ಹಾಗೆಂದು ಮನಸ್ಸೊಪ್ಪದ ಕಾರನ್ನು ಬರೀ ಲೆಕ್ಕಾಚಾರದಿಂದ ಕೊಂಡು, ಬೇಗನೆ ಮಾರಿ ನಷ್ಟ ಮಾಡಿಕೊಳ್ಳುವವರೂ ಉಂಟು. ಮುಂಗಡ ಕೊಡುವ ಮುನ್ನ ಊರಿನ ಮೆಕ್ಯಾನಿಕ್ ಒಬ್ಬರನ್ನು ವಿಚಾರಿಸಿ.